ಕಪ್ಪು ಹಿಡಿಯೋ ಮಣ್ಣು

ನವಸಾಗರ ಕುದ್ದು ಹೊಗಿ ಎದ್ದಾಗ
ನಾವೆಲ್ಲ ಸೆರಗು, ರುಮಾಲು ಮೂಗಿಗೊತ್ತಿ
ಹೊರಗ ಓಡತಿದ್ವಿ.
ಉಸ್ತಾದ್ ಒಬ್ಬರೇ ಹಂಡೆ ಮ್ಯಾಲೆ ಬಗ್ಗಿ
ಹೂಜಿ ತಿರುವಿಕೋತ ಕೂಡತಿದ್ರು. ಕೆಮ್ಮಿಲ್ಲ, ಕಣ್ಣೀರಿಲ್ಲ.
ನಲವತ್ತು ವರ್ಷ ಪಳಗಿದ ಮೂಗು, ಅಂದ್ಕೊಂಡೆ.

ಆಮ್ಯಾಲೆ ಅವರ ಹೂವು ಸಣ್ಣಾದವು.
ಹುಕ್ಕಾ ಬುಡದ ಮ್ಯಾಲೆ ಅಂಗೈಯಗಲ ಅರಳತಿದ್ದದ್ದು
ಜೋಳದ ಕಾಳಿನಷ್ಟಾತು, ಮುಂದ ಸಾಸಿವಿಯಷ್ಟು.
ಹೈದರಾಬಾದಿನ ಗಿರಾಕಿ ಭೂತಗನ್ನಡಿ ಹಿಡಿದು ವಾಹ್ ಅಂದ,
ಇನ್ನೂರು ಹೆಚ್ಚೇ ಕೊಟ್ಟ.

ಕೈ ನಡುಗಿದ್ದು ಕೊನಿಗೆ.
ಅದೂ ಉಳಿ ಹಿಡಿದಾಗಲ್ಲ,
ಚಾ ಬಸಿ ಮುಂದಿಟ್ಕೊಂಡು ಸುಮ್ಮನ ಕೂತಾಗ
ಹೆಬ್ಬೆರಳು ತೋರ್ಬೆರಳಿಗೆ
ಕಾಣದ ಬೆಳ್ಳಿ ತಂತಿ ಹೊಸೀತಿತ್ತು.

ಕಲಬುರಗಿ ಡಾಕ್ಟರಮ್ಮ ಕಾಗದದ ಮ್ಯಾಲೆ ಮೆದುಳು ಬರೆದು
ನಡುವ ಎರಡು ಗೆರಿ ಕಪ್ಪಗ ತೀಡಿದ್ಳು.
"ಇಲ್ಲೊಂದು ಕಪ್ಪು ಜಾಗ ಅದ, ಖಮರುದ್ದೀನ್ ಸಾಹೇಬ್ರೆ.
ಕೈಕಾಲು ಹದಕ್ಕ ಆಡಸೋ ರಸ ಇಲ್ಲೇ ತಯಾರಾಗ್ತದ.
ತಯಾರಿಸೋ ಕಣ ತನ್ನ ಒಲಿಗೇ ತಾ ಸುಡ್ತದ,
ಉಸಿರಾಡಿದ ಗಾಳಿಯೇ ತುಕ್ಕು ಹಿಡಸ್ತದ.
ಕಪ್ಪು ಹೋಗಿ ಬಿಳಚತದ."

ಉಸ್ತಾದ್ ನಕ್ಕರು. ಮುಖ ನಗಲಿಲ್ಲ, ಗಂಟಲಷ್ಟೇ ನಕ್ಕಿತು.
"ಜಲಮೆಲ್ಲ ಕಿಲ್ಲೆದ ಮಣ್ಣು ತಂದು
ಬಿಳಿ ಸತುವಿಗೆ ಕಪ್ಪು ಹಿಡಿಸೀನಿ, ಅಮ್ಮಾ.
ಒಳಗಿನ ಕಪ್ಪ ಯಾವನು ತಿಕ್ಕಿ ತೊಳೀಲತ್ತಾನ?"
ಆಮ್ಯಾಲೆ, ಒಬ್ಬ ಕಸಬುದಾರ ಇನ್ನೊಬ್ಬರಿಗೆ ಕೇಳೋಹಂಗ,
"ನಾವು ಕೊಬ್ಬರಿ ಎಣ್ಣಿ ಸವರತೀವಿ, ಗಾಳಿ ತಾಗದಂಗ.
ಅಲ್ಲಿಗೆ ಯಾವ ಎಣ್ಣಿ?"

ಆಕಿ ಪೆನ್ನಿನ ಟೋಪಿ ಹಾಕಿದ್ಳು, ತೆಗೆದ್ಳು.
"ಹುಡಕಲತ್ತೀವಿ.
ಇಲಿಯೊಳಗ ಸಿಕ್ಕದ್ದು ಮನುಷಾನೊಳಗ ಇನ್ನಾ ಸಿಕ್ಕಿಲ್ಲ.
ಈ ಗುಳಿಗಿ ಕಡಿಮಿ ಬಿದ್ದದ್ದು ತುಂಬತದ, ಉಳಿದದ್ದು ಕಾಯೂದಿಲ್ಲ.
ನಡೀರಿ. ದಿನಾ, ಬೆವರು ಬರೋಹಂಗ."

ಅದಕ್ಕೇ ಈಗ ಮುಂಜಾನೆ ಬೀದರ ಕಿಲ್ಲೆಕ್ಕ ಹೋಗತೀವಿ.
ದರವಾಜಾದ ಹೊಸ್ತಿಲಿಗೆ ಅವರ ಕಾಲು ನೆಲಕ್ಕ ಅಂಟತಾವ.
ನಾ ಬೆಳ್ಳಿ ಕೂಡಸೋ ಸುತ್ತಿಗಿ ತೆಗೆದು
ಕಲ್ಲಿಗೆ ಬಡೀತೀನಿ, ಟಕ್, ಟಕ್.
ಕಿವಿ ಕೇಳಿ ಕಾಲು ಏಳತಾವ.

ಬಿಸಿಲು ಮಳಿ ಕಾಣದ ಮೂಲ್ಯಾಗ ಮಣ್ಣು ಕೆದರಿ
ಒಂದು ಚಿಟಿಕಿ ನಾಲಿಗಿಗಿಟ್ಟರು. ತಡೆದರು.
"ಮಹಾನಂದಾ, ನೀ ನೋಡು. ನನಗ ತಿಳೀವಲ್ದು."

ನೋಡಿದೆ.
ಉಪ್ಪಿತ್ತು, ಒಗರಿತ್ತು, ನಾಲಿಗಿ ತುದಿ ಚುರ್ ಅಂತು.
"ಹಿಡೀತದ" ಅಂದೆ. ಚೀಲ ತುಂಬಿದೆ.
ಹನ್ನೊಂದಕ್ಕ ಗುಳಿಗಿ ನೆನಪಸಬೇಕು.