ನಾಲ್ಕು ತೂತು

ಎಲ್ಲರ ಮನೆ ದೋಸೆಯೂ ತೂತೇ, ಸರಿ.
ಆದರೆ ಹತ್ತು ಎಂಎಂ ಪಟ್ಟಿಗೆ ತೂತು
ತಾನಾಗಿ ಬೀಳುವುದಿಲ್ಲ.
ಸುಂಟಿಕೊಪ್ಪದ ನನ್ನ ಶೆಡ್ಡಿನಲ್ಲಿ
ಹದಿನಾಲ್ಕು ವರ್ಷ ಕೈ ಡ್ರಿಲ್ಲೇ ನಡೆಸಿತು ಸಂಸಾರ:
ಪಲ್ಪರಿನ ಕಾಲು, ಗೇಟಿನ ಕೀಲು,
ಮದ್ದು ಹೊಡೆಯುವ ಪಂಪಿನ ಕ್ಲಾಂಪು.
ಗೋಡೆಯ ಮೇಲೆ ಸುಣ್ಣದಲ್ಲಿ ಬರೆದದ್ದು:
‘ಕೋವಿ ಕೆಲಸ ಮಾಡುವುದಿಲ್ಲ. ಸಾಲವೂ ಇಲ್ಲ.’
ಎರಡನೆಯ ಮಾತನ್ನು ಯಾರೂ ಓದಲಿಲ್ಲ.

ಹೋದ ತಿಂಗಳು, ಪಟ್ಟಿ ಇನ್ನೇನು ತೂತಾಗಬೇಕು,
ಕೊನೆಯ ಎಳೆಯಲ್ಲಿ ಕಚ್ಚಿಕೊಂಡಿತು.
ನಿಂತದ್ದು ಬಿಟ್,
ತಿರುಗಿದ್ದು ಮೊಯ್ದುವಿನ ಮಣಿಕಟ್ಟು.
ಮಡಿಕೇರಿಯಲ್ಲಿ ಪ್ಲಾಸ್ಟರ್ ಹಾಕಿದರು.
ಅವನ ಉಮ್ಮ ನನ್ನನ್ನು ಏನೂ ಕೇಳಲಿಲ್ಲ.
ಕೇಳಿದ್ದರೆ ಚೆನ್ನಾಗಿತ್ತು.

ಹಣ್ಣು ಕೊಯ್ಲಿಗೆ ಮೂರೇ ವಾರ,
ಬಾಗಿಲಲ್ಲಿ ಪಲ್ಪರುಗಳ ಸಾಲು.
ಹೊರಟೆವು ಕುಶಾಲನಗರಕ್ಕೆ, ಬಸ್ಸಿನಲ್ಲಿ;
ಒಳಜೇಬಿನಲ್ಲಿ ಹನ್ನೊಂದು ಸಾವಿರ,
ಬುತ್ತಿಚೀಲದಲ್ಲಿ ಒಂದು ತುಂಡು ಕಬ್ಬಿಣ.

ಮೊದಲ ಅಂಗಡಿಯದು ಮದುಮಗನ ಹಾಗೆ:
ಕೆಂಪು ಬಣ್ಣ, ಹಣೆಯಲ್ಲಿ ದೀಪ,
ಎದೆಯ ಮೇಲೆ ಮಿನುಗುವ ಅಂಕಿ. ಏಳೂವರೆ ಸಾವಿರ.
ಎತ್ತಿ ನೋಡಿದೆ. ಒಂದೇ ಕೈಗೆ ಬಂತು.
ಒಂದೇ ಕೈಗೆ ಬರುವ ಯಂತ್ರ
ಕಬ್ಬಿಣದ ಮುಂದೆ ತಾನೇ ಕುಣಿಯುತ್ತದೆ.
‘ಕಡಿಮೆ ಅಂದರೆ ಎಷ್ಟು ಸುತ್ತು?’
‘ಜಾಸ್ತಿ ಎಷ್ಟು ಅಂತ ಕೇಳಿ, ಅಣ್ಣ.’
ಜಾಸ್ತಿ ಮರಕ್ಕೆ, ಮಾರಾಯ.
ಕಬ್ಬಿಣದ ಮೇಲೆ ಓಡಿದರೆ
ಬಿಟ್ಟಿನ ತುದಿ ನೀಲಿಯಾಗಿ ಸಾಯುತ್ತದೆ.

ಗುಜರಿಯಲ್ಲಿ ಇನ್ನೊಂದು. ಯಾವುದೋ ಎಸ್ಟೇಟಿನದು,
ಆನೆಗಾಲಿನಂಥ ಕಂಬ,
ಕಿಲೋಗೆ ನಲವತ್ತೆರಡರಂತೆ.
ಹಿಡಿಕೆಯ ಮರ ಯಾರದೋ ಅಂಗೈಯ ಅಳತೆಗೆ ಸವೆದಿತ್ತು.
ಮನಸ್ಸು ಅಲ್ಲೇ ಕೂತುಬಿಟ್ಟಿತು,
ಏಳಿಸುವಷ್ಟರಲ್ಲಿ ಟೀ ಆರಿತ್ತು.
ಮೂರು ಫೇಸಿನ ಮೋಟಾರು.
ನಮ್ಮ ಶೆಡ್ಡಿಗೆ ಒಂದು ಬಂದರೆ ಪುಣ್ಯ.

ಮೂರನೆಯದು ಪಂಪುಸೆಟ್ಟುಗಳ ಹಿಂದೆ,
ಹರಿದ ರಟ್ಟಿನಲ್ಲಿ, ಪಾಚಿ ಬಣ್ಣದ್ದು. ದೀಪವಿಲ್ಲ.
ಹದಿಮೂರು ಎಂಎಂ ಚಕ್, ಅರ್ಧ ಎಚ್‌ಪಿ, ತಾಮ್ರದ ವೈಂಡಿಂಗು,
ಬೀಡಿನ ಮೇಜು, ಮೆಟ್ಟಿಲು ಮೆಟ್ಟಿಲಾದ ಎರಡು ಪುಲ್ಲಿ;
ಬೆಲ್ಟನ್ನು ನಿಧಾನದ ಮೆಟ್ಟಿಲಿಗೆ ಹಾಕಿದರೆ
ನಿಮಿಷಕ್ಕೆ ಐನೂರೇ ಸುತ್ತು.
ಚಕ್ ಹಿಡಿದು ಅಲ್ಲಾಡಿಸಿದೆ. ಗಟ್ಟಿ ಅನ್ನಿಸಿತು.
‘ಪೂರಾ ಕೆಳಗಿಳಿಸಿ’ ಅಂದ ಮೊಯ್ದು,
ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ.
‘ಆಟ ಉಂಟು ಅಣ್ಣ, ಕೂದಲಷ್ಟು. ಕಚ್ಚುವಷ್ಟಲ್ಲ.’
ಬಲಗೈಗಾದ ಪಾಠ
ಎಡಗೈಗೆ ಗೊತ್ತಿತ್ತು.

ಬುತ್ತಿಚೀಲ ಬಿಚ್ಚಿದೆ. ಪಳಂಗಪ್ಪನವರ ಮುಖ ಹುಳ್ಳಗಾಯಿತು.
‘ಕೊಳ್ಳದೆ ಕೊರೆಯುವುದು ಎಂತ ಕ್ರಮ?’
‘ಕೊರೆಯದೆ ಕೊಳ್ಳುವುದು ಎಂತ ಕ್ರಮ?’
ಪಕ್ಕದ ಹೋಟೆಲಿನಿಂದ ಎರಡು ಹನಿ ತೆಂಗಿನೆಣ್ಣೆ,
ಪಂಚಿನಿಂದ ಕಬ್ಬಿಣದ ಹಣೆಗೊಂದು ಬೊಟ್ಟು.
ಹಿಡಿಕೆ ಎಳೆದೆ. ಮೋಟಾರು ಒಮ್ಮೆ ಗೊಣಗಿ
ಮತ್ತೆ ಒಪ್ಪಿಕೊಂಡಿತು:
ಎರಡು ಎಳೆ, ಎರಡೂ ಕಡೆಯಿಂದ ಸಮನಾಗಿ,
ಒತ್ತಿದ ನೂಪುಟ್ಟಿನಂತೆ ಬಿಸಿಬಿಸಿ ಬಂದವು.
ಅವರೂ ಬಗ್ಗಿ ನೋಡಿದರು. ನೋಡಿದ್ದೇ ತಪ್ಪಾಯಿತು,
ರೇಟು ಇಳಿಯಲಿಲ್ಲ.
ಒಂಬತ್ತು ಸಾವಿರದ ಆರುನೂರು, ವೈಸ್ ಸೇರಿಸಿ.
ಬಸ್ಸಿನಲ್ಲಿ ಅದಕ್ಕೂ ಒಂದು ಟಿಕೆಟ್.

ಬೆಂಚಿನ ಮೇಲೆ ಕೂರಿಸಿದ ಮೇಲೆ ತಿಳಿಯಿತು:
ಬಿಗಿಯಲು ಬೆಂಚಿನ ಕಬ್ಬಿಣಕ್ಕೇ ನಾಲ್ಕು ತೂತು ಬೇಕು.
ತನ್ನ ಕಾಲಡಿಗೆ ತಾನೇ
ಕೊರೆದುಕೊಳ್ಳಲಾರದು ಯಾವ ಯಂತ್ರವೂ.
ಮತ್ತೆ ಅದೇ ಕೈ ಡ್ರಿಲ್.
ಮೊಯ್ದು ಬಾಗಿಲಾಚೆ ಹೋಗಿ ನಿಂತ.
ಮೂರು ನೆಟ್ಟಗೆ ಬಂದವು. ನಾಲ್ಕನೆಯದು ಸೊಟ್ಟ.
ಅಗಲದ ವಾಷರು ಹಾಕಿ ಮುಚ್ಚಿದೆ,
ಯಾರಿಗೂ ಕಾಣುವುದಿಲ್ಲ.
ಒಳಗೆ ಬಂದವನೇ ಮೊಯ್ದು
ಎಡಗೈ ಬೆರಳಲ್ಲಿ
ಆ ವಾಷರನ್ನೇ ಮುಟ್ಟಿದ.