ಇಬ್ರು

ಕೇಶ್ವಾಪುರದ ಸಂದ್ಯಾಗ ಡೋಲ್ಕರ್ ಅಂಗಡಿ.
ನಮ್ಮತ್ತಿ ಫಕ್ಕೀರವ್ವನ ಮುಂದ ಮೂರು ಬಟ್ಟಲ.

ರಾಮೆನ್: ಎಲುಬು ಹನ್ನೆರಡು ತಾಸು ಕುದ್ದಾವಂತ.
"ಯಾರ ಮದವಿ ಐತವ್ವಾ?"

ಫೋ: ತಿಳಿ ಸಾರು, ತಳದ ಹೂವು ಕಾಣೂವಷ್ಟು,
ಚಕ್ಕಿ ಲವಂಗದ ಘಮ.
"ಬಾಣಂತಿಗೆ ಚಲೋ."

ಥುಕ್ಪಾ ಬಂತು, ಮುಂಡಗೋಡಿನ ಅಡಗಿ,
ಕೈಲೆ ಎಳದದ್ದು, ಎಳಿ ಒಂದು ದಪ್ಪ ಒಂದು ಸಣ್ಣ.
ಮುದುಕಿ ಸಾರು ಮುಟ್ಟಲಿಲ್ಲ.
ಒಂದು ಎಳಿ ಬೆರಳಿಗೆ ಸುತ್ತಿ
ಟ್ಯೂಬ್‌ಲೈಟಿಗೆ ಹಿಡದ್ಲು.
"ಎಷ್ಟು ಮಂದಿ ಕೂಡತಿದ್ರಿ ಇದಕ?"
"ಇಬ್ರು. ಅವ್ವ, ನಾನು."
"ನಾವೂ ಇಬ್ರ. ಅಕ್ಕ ಶಾವಿಗಿ ಮಣಿ ಮ್ಯಾಲೆ,
ನಾ ಕೆಳಗ, ಕೋಲು ಹಿಡಕೊಂಡು.
ಹರದ್ರ ಬೈಯೂದು,
ಹರೀಲಿಲ್ಲಂದ್ರ ಹಾಡೂದು."

ಆಮ್ಯಾಲೆ ಕುಡದು, ತುಟಿ ಒರಸಿ,
"ಉಪ್ಪು ಕಡಿಮಿ" ಅಂತ
ಇನ್ನೊಂದು ಬಟ್ಟಲ ಕೇಳಿದ್ಲು.