ಹದಿನಾಲ್ಕು ಬಿ

ಇಶ್‌ಬೆಲ್ ಗೌರಿ ಅಂತ ಹೆಸರು.
ನಮ್ಮ ಗೌರಿಯಲ್ಲ, ಟೇ ನದಿಯ ದಂಡೆಯ ಗೌರಿ;
ಡಂಡಿಯಲ್ಲಿ ಆ ಮನೆತನದವರು ಬೇಕಾದಷ್ಟಿದ್ದಾರೆ.
ಮಂಗಳವಾರ ಮಧ್ಯಾಹ್ನ ಲೈಬ್ರರಿಯ ನಕ್ಷೆಯ ಮೇಜಿಗೆ ಬಂದು
ಒದ್ದೆ ಕೊಡೆಯನ್ನು ನನ್ನ ಕಾಲ ಬಳಿಯೇ ಒರಗಿಸಿ
'ನನ್ನ ಮನೆ ಬರೆದುಕೊಡು' ಅಂದಳು.

ಎಲ್ಲಿದೆ?
ಪರದೆಯ ಮೇಲೆ ಬೆರಳಿಟ್ಟಳು. ಅಲ್ಲಿ ಕಾರು ನಿಲ್ಲಿಸುವ ಜಾಗ,
ಬಿಳಿ ಪಟ್ಟೆ, ಒಂದು ಕೆಂಪು ವ್ಯಾನು.
'ಇಲ್ಲಲ್ಲ, ಇದರ ಮೇಲೆ.
ಲಾರಿಸ್ಟನ್ ಕೋರ್ಟ್, ಹದಿನಾಲ್ಕನೇ ಮಹಡಿ.
ಕೆಡವಿದ್ದು ಒಂದು ಭಾನುವಾರ, ಆರು ಸೆಕೆಂಡು.
ನೋಡಲಿಕ್ಕೆ ಜನ ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು.'

ಬರೆಯುವುದು ಕಷ್ಟವಲ್ಲ.
ರಂಗೋಲಿಯ ಹಾಗೆ ನಾಲ್ಕು ಚುಕ್ಕಿ, ಆದರೆ ಇಡುವುದು ಐದು ಸಲ:
ಹೊರಟ ಚುಕ್ಕಿಗೇ ವಾಪಸು ಬರದಿದ್ದರೆ
ಯಂತ್ರ ಅದನ್ನು ಆಕಾರ ಅನ್ನುವುದಿಲ್ಲ.
ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ, ಕೊನೆಗೆ ಎತ್ತರ.
ಅವಸರದಲ್ಲಿ ಮೊದಲೆರಡನ್ನು ಅದಲುಬದಲು ಮಾಡಿದೆ,
ಆಕೆಯ ಅಡುಗೆಮನೆ ಸೆಶೆಲ್ಸ್ ಆಚೆ
ಹಿಂದೂ ಮಹಾಸಾಗರದ ಮೇಲೆ ಒಂದು ಗಳಿಗೆ ತೂಗಿತು.
'ಅಲ್ಲಾದರೆ ಬಟ್ಟೆ ಬೇಗ ಒಣಗುತ್ತಿತ್ತು' ಅಂದಳು, ನಗಲಿಲ್ಲ.

ವಾಪಸು ತಂದೆ. ಎತ್ತರ ಮೂವತ್ತೇಳೂ ಮುಕ್ಕಾಲು ಮೀಟರು.
ಮನೆಯೇ ಕಾಣಲಿಲ್ಲ.
ಯಂತ್ರ ಸಮುದ್ರದಿಂದ ಅಳೆದಿತ್ತು, ದಿಬ್ಬ ಅದಕ್ಕಿಂತ ಎತ್ತರ,
ಹದಿನಾಲ್ಕನೇ ಮಹಡಿ ಮಣ್ಣಿನ ಕೆಳಗಿತ್ತು.
ಇದನ್ನು ಆಕೆಗೆ ಹೇಳದೆ
ನೆಲದಿಂದ ಅಳೆ ಎಂದು ಬದಲಿಸಿದೆ.

ಎದ್ದು ನಿಂತಿತು. ನಿಂತಿತು ಅನ್ನಲು ಕಾಲಿಲ್ಲ.
ವ್ಯಾನಿನ ಮೇಲೆ ಒಂದು ಹಳದಿ ಹಾಳೆ, ಹಗ್ಗವಿಲ್ಲದ ಚಪ್ಪರ.
ಗೋಡೆ ಕೊಡಲು ಸುಲಭದ ದಾರಿ ಒಂದಿದೆ:
ಅಂಚುಗಳನ್ನು ನೆಲದವರೆಗೆ ಇಳಿಬಿಡುವುದು.
ಇಳಿಬಿಟ್ಟೆ.
'ನಿಲ್ಲಿಸು!' ಕೊಡೆ ಉರುಳಿತು.
'ಪೆಟ್ರಿಯ ಮನೆ ಸೀಳಿಕೊಂಡು ಹೋದೆಯಲ್ಲ,
ಅದರ ಕೆಳಗೆ ಆ ಪೋಲೆಂಡಿನ ಅವಳಿಮಕ್ಕಳು ಮಲಗುವ ಕೋಣೆ.
ನನ್ನ ಗೋಡೆ ನನ್ನ ನೆಲದ ತನಕ ಸಾಕು.'

ಅಂಚು ಮೇಲೆಳೆದೆ. ನೆಲ ಬೇರೆ, ಛಾವಣಿ ಬೇರೆ,
ಗೋಡೆ ಒಂದೊಂದೇ, ಎಲ್ಲವನ್ನೂ ಕೈಯಿಂದ ಬರೆದೆ.
ಗಾಳಿಗೋಪುರ ಅಂತ ನನ್ನ ಭಾಷೆಯಲ್ಲೊಂದು ಮಾತಿದೆ,
ತುಟಿಗೆ ಬಂದದ್ದನ್ನು ನುಂಗಿಕೊಂಡೆ;
ಈ ಗಾಳಿಗೆ ಆಕೆ ಮೂವತ್ತೊಂದು ವರ್ಷ ಬಾಡಿಗೆ ಕಟ್ಟಿದ್ದಾಳೆ.

'ಒಳಗೆ ಕರೆದುಕೊಂಡು ಹೋಗು.'
ನೋಟವನ್ನು ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲಿಸಿದೆ.
ನದಿ, ರೈಲು ಸೇತುವೆ, ಆಚೆ ದಡದ ಊರು.
ಕನ್ನಡಕ ತೆಗೆದಳು, ಹಾಕಿದಳು.
'ಸರಿಯಿಲ್ಲ.
ಪಾತ್ರೆ ತೊಳೆಯುವಾಗ ಸೆಣಬಿನ ಗಿರಣಿಯ ಚಿಮಣಿ ತುದಿ
ನನ್ನ ಗಲ್ಲದ ಸಮಕ್ಕಿರುತ್ತಿತ್ತು. ಇಳಿಸು.
ಇನ್ನೊಂಚೂರು.
ಜಾಸ್ತಿಯಾಯಿತು, ಈಗ ನಾನು ಕೂತಿದ್ದೇನೆ.
ಹಾಂ.'
ಮೂವತ್ತಾರು ಮೀಟರು, ತೊಂಬತ್ತು ಸೆಂಟಿಮೀಟರು.
ಪುರಸಭೆಯ ಕಡತ ಬೇರೆ ಲೆಕ್ಕ ಹೇಳುತ್ತದೆ.
ನಾನು ಗಲ್ಲವನ್ನು ನಂಬಿದೆ.

ಹೆಸರಿಡು ಎಂದಿತು ಯಂತ್ರ. ಹೆಸರಿಲ್ಲದ್ದನ್ನು ಅದು ಉಳಿಸಿಕೊಳ್ಳುವುದಿಲ್ಲ.
'ಹದಿನಾಲ್ಕು ಬಿ' ಅಂದಳು, ಕೊಡೆ ಎತ್ತಿಕೊಂಡು.
'ಬಿ ದೊಡ್ಡದಾಗಿ ಬರಿ. ಅಂಚೆಯವನು ಯಾವಾಗಲೂ
ಡಿಗೆ ಹಾಕಿ ಹೋಗುತ್ತಿದ್ದ.'

ಸಂಜೆ ನನ್ನ ಬಸ್ಸು ಅದೇ ದಿಬ್ಬ ಹತ್ತಿತು.
ಮಂಜಾದ ಗಾಜು ಒರೆಸಿ ಕತ್ತು ಮೇಲೆತ್ತಿದೆ,
ಸುಮಾರು ಅಷ್ಟು ಎತ್ತರಕ್ಕೆ.
ಒಂದು ಕಡಲಹಕ್ಕಿ ಹಜಾರದಲ್ಲಿ ಹೊಕ್ಕು
ಅಡುಗೆಮನೆಯಿಂದ ಹೊರಟು ನದಿಯ ಕಡೆ ಹೋಯಿತು.
ಕೆಳಗೆ ಕೆಂಪು ವ್ಯಾನಿನವನು
ತೋಳಿನಿಂದ ಕನ್ನಡಿ ಒರೆಸುತ್ತಿದ್ದ,
ಯಾರಯಾರ ಮಂಚದಡಿ ನಿಂತಿದ್ದೇನೆಂಬ
ಪರಿವೆಯೇ ಇಲ್ಲದೆ, ಮಳೆಯಲ್ಲಿ.